ಪ್ರವಾಸದ ಕೊನೆಯ ದಿನದ ಸಹಿ

ದೆಹಲಿ, ಆಗ್ರಾ, ರಣಥಂಬೋರ್, ಜೈಪುರ. ಕೆಂಪುಕೋಟೆ, ತಾಜ್‌ಮಹಲ್, ಹುಲಿ ಸಫಾರಿ, ಅಂಬರ್ ಕೋಟೆ. ವಿಮಾನ, ಬಸ್ಸು, ಹೋಟೆಲು, ಊಟ-ತಿಂಡಿ, ಗೈಡು ಎಲ್ಲ ಸೇರಿ ತಲೆಗಿಷ್ಟು. ದಸರಾ ರಜೆ ಹತ್ತಿರ ಬಂದಂತೆ ಇಂಥ ಪ್ಯಾಕೇಜುಗಳು ಬೆಂಗಳೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಬಿಕರಿಯಾಗುತ್ತವೆ. ಕೊಳ್ಳುವವರಲ್ಲಿ ನಿವೃತ್ತಿಯ ಹಣದಲ್ಲಿ ಒಮ್ಮೆ ಉತ್ತರ ಭಾರತ ನೋಡಿಬರೋಣ ಎಂದುಕೊಂಡವರೇ ಹೆಚ್ಚು. ಮೋಸಹೋದವರಲ್ಲಿ ವಕೀಲರ ಬಳಿ ಬರುವವರು ಕಡಿಮೆ. ಬಂದವರೂ ತಡವಾಗಿ ಬರುತ್ತಾರೆ, ಬೇಕಾದ ಕಾಗದ ಇಲ್ಲದೆ ಬರುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಬೇಡದ ಕಾಗದಕ್ಕೆ ಸಹಿ ಹಾಕಿ ಬರುತ್ತಾರೆ. ಇವರು ಸೋಲುವುದು ಕಾನೂನು ಇಲ್ಲದ್ದರಿಂದಲ್ಲ. ಮಾರುವಾಗ ಒಂದೇ ಬೆಲೆಯ ಒಂದೇ ಮಾತಾಗಿದ್ದ ಪ್ರವಾಸ, ತಕರಾರು ಬಂದ ಕೂಡಲೇ ಹತ್ತು ಜನರ ಹತ್ತು ಜವಾಬ್ದಾರಿಗಳಾಗಿ ಒಡೆದುಹೋಗುತ್ತದೆ. ಆ ಒಡೆತಕ್ಕೆ ಒಪ್ಪಿಗೆಯ ಸಹಿ ಗ್ರಾಹಕನದೇ ಆಗಿರುತ್ತದೆ.

ಬಹುತೇಕ ಟೂರ್ ಕಂಪನಿಗಳ ಷರತ್ತುಪಟ್ಟಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನಾವು ಕೇವಲ ಏಜೆಂಟರು, ಹೋಟೆಲು, ಬಸ್ಸು, ವಿಮಾನ, ಸಫಾರಿಯವರ ತಪ್ಪಿಗೆ ನಾವು ಹೊಣೆಯಲ್ಲ. ಕೈ ತೊಳೆದುಕೊಳ್ಳಲು ಇಷ್ಟು ಸಾಕೆಂದು ಅವರು ನಂಬಿದ್ದಾರೆ, ಗ್ರಾಹಕರೂ ನಂಬುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆಯ ವ್ಯಾಖ್ಯೆ ವಿಶಾಲವಾಗಿದೆ: ಒಪ್ಪಂದದ ಪ್ರಕಾರ ಕೊಡಬೇಕಾದ ಸೇವೆಯ ಗುಣಮಟ್ಟದಲ್ಲಿ, ರೀತಿಯಲ್ಲಿ ಆಗುವ ಯಾವುದೇ ಕೊರತೆ. ಹೋಟೆಲನ್ನು ಆರಿಸಿದವರು, ಅದಕ್ಕೆ ದರ ಕಟ್ಟಿದವರು, ಲಾಭ ಇಟ್ಟುಕೊಂಡವರು ಕಂಪನಿಯವರೇ ಆದಾಗ ಬರೀ ಏಜೆಂಟರೆಂಬ ವಾದ ತಾನಾಗಿ ಗೆಲ್ಲುವುದಿಲ್ಲ. ಏಕಪಕ್ಷೀಯ ಷರತ್ತಿಗೆ ಗ್ರಾಹಕ ಸಹಿ ಹಾಕಿದ್ದರೂ ಅದು ಅವನನ್ನು ಕಟ್ಟಿಹಾಕದು, ಅಂಥ ಷರತ್ತು ಹೇರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ, ಫ್ಲ್ಯಾಟ್ ಖರೀದಿಯ ಪ್ರಕರಣವೊಂದರಲ್ಲಿ, ಹೇಳಿದೆ. ಆದರೆ ನ್ಯೂನತೆ ಸಾಬೀತಾಗಬೇಕಾದರೆ ಕೊಟ್ಟ ಮಾತು ಏನೆಂಬುದು ಮೊದಲು ಕಾಗದದ ಮೇಲೆ ಇರಬೇಕು. ಪ್ಯಾಕೇಜು ಮಾರುವವರು ತಪ್ಪಿಸಿಕೊಳ್ಳುವುದು ಇಲ್ಲೇ.

‘ತಾಜ್‌ಮಹಲ್ ವೀಕ್ಷಣೆ’ ಎಂದು ಬರೆದರೆ ಏನನ್ನೂ ಬರೆದಂತಲ್ಲ. ತಾಜ್ ಶುಕ್ರವಾರ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಕೆಂಪುಕೋಟೆಗೆ ಸೋಮವಾರ ರಜೆ. ಶುಕ್ರವಾರ ಆಗ್ರಾ ತಲುಪಿಸಿ, ನದಿಯಾಚೆಯ ತೋಟದಿಂದ ಗುಮ್ಮಟ ತೋರಿಸಿ, ‘ವೀಕ್ಷಣೆ ಆಯಿತಲ್ಲ’ ಎನ್ನುವವರಿಗೆ ಆ ಒಂದು ಪದವೇ ರಕ್ಷಣೆ. ಭಾರತೀಯರಿಗೆ ತಾಜ್ ಪ್ರವೇಶಕ್ಕೆ 50 ರೂಪಾಯಿ, ಸಮಾಧಿಯಿರುವ ಮುಖ್ಯ ಕಟ್ಟಡದೊಳಗೆ ಹೋಗಲು ಮೇಲೆ 200 ರೂಪಾಯಿ. ‘ಪ್ರವೇಶ ಶುಲ್ಕ ಸೇರಿದೆ’ ಎಂದವರು ಯಾವುದನ್ನು ಸೇರಿಸಿದ್ದಾರೆಂದು ಹೊರಡುವ ಮೊದಲೇ ಕೇಳಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಮಕ್ಕಳ ದರದಲ್ಲಿ ಅದನ್ನೂ ಹಿಡಿದಿದ್ದಾರೆಯೇ ಎಂದು ಕೇಳಿದರೆ ಕೌಂಟರಿನವರ ಮುಖ ಬಿಗಿಯಾಗುತ್ತದೆ, ಆದರೂ ಕೇಳಿ. ರಣಥಂಬೋರಿನದು ಇನ್ನೂ ದೊಡ್ಡ ಕಥೆ. ಅಲ್ಲಿ 1ರಿಂದ 10ರವರೆಗೆ ವಲಯಗಳಿವೆ. 1ರಿಂದ 5ರವರೆಗಿನವು ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಚ್ಚಿರುತ್ತವೆ, ಹೊರಗಿನ ವಲಯಗಳು ತೆರೆದಿರುತ್ತವೆ. ಆರು ಸೀಟಿನ ಜಿಪ್ಸಿ ಬೇರೆ, ಇಪ್ಪತ್ತು ಸೀಟಿನ ಕ್ಯಾಂಟರ್ ಬೇರೆ, ದರವೂ ಬೇರೆ. ‘ಹುಲಿ ಸಫಾರಿ ಸೇರಿದೆ’ ಎಂಬ ಸಾಲು ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ಸಫಾರಿ ಪರ್ಮಿಟ್ ಪ್ರವಾಸಿಗನ ಹೆಸರು ಮತ್ತು ಗುರುತಿನ ಚೀಟಿಯ ವಿವರದೊಂದಿಗೆ ಬುಕ್ ಆಗುತ್ತದೆ. ಹಾಗಾಗಿ ಬುಕ್ ಆಗಿದೆ ಎನ್ನುವವರು ಅದರ ಪ್ರತಿ ಕೊಡಲೇಬಹುದು. ಕೊಡಲು ಮೀನಮೇಷ ಎಣಿಸುತ್ತಿದ್ದರೆ ಬುಕ್ ಆಗಿಲ್ಲವೆಂದೇ ಲೆಕ್ಕ. ಹೋಟೆಲಿನ ಹೆಸರಿನ ಮುಂದೆ ‘ಅಥವಾ ತತ್ಸಮಾನ’ ಎಂದಿದ್ದರೆ, ಆ ಸಮಾನದ ಹೋಟೆಲು ಯಾವುದೆಂದೂ ಬರೆಸಿಕೊಳ್ಳಿ.

ಒಂದು ಎಚ್ಚರಿಕೆ ಓದುಗರಿಗೂ ಇದೆ. ಹುಲಿ ಕಾಣಲಿಲ್ಲ ಎಂಬುದು ನ್ಯೂನತೆಯಲ್ಲ. ‘ಹುಲಿ ಗ್ಯಾರಂಟಿ’ ಎಂದು ಬರಹದಲ್ಲಿ ಕೊಟ್ಟಿದ್ದರೆ ಅದು ಸುಳ್ಳು ಜಾಹೀರಾತಾಗಬಹುದು, ಅದು ಬೇರೆ ಮಾತು. ಅರಣ್ಯ ಇಲಾಖೆ ದಿಢೀರನೆ ದಾರಿ ಮುಚ್ಚಿದರೆ, ಮಂಜು ಕವಿದು ವಿಮಾನ ತಡವಾದರೆ ಅದಕ್ಕೂ ಕಂಪನಿ ಪರಿಹಾರ ಕಟ್ಟಬೇಕಿಲ್ಲ. ಆದರೆ ನಡೆಯದ ಸಫಾರಿಯ ಹಣ ಯಾರ ಬಳಿ ಉಳಿಯಿತೆಂಬ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಇಲಾಖೆಗೆ ಕಟ್ಟಿದ್ದು ವಾಪಸ್ ಬರದು ಎನ್ನುವ ಕಂಪನಿ, ಕಟ್ಟಿದ ರಸೀದಿ ತೋರಿಸಲಿ. ಇನ್ನು ಕ್ಯಾಲೆಂಡರಿನಲ್ಲೇ ಇರುವ ವಾರದ ರಜೆಯನ್ನು ‘ಅನಿರೀಕ್ಷಿತ’ ಎನ್ನುವವರ ವಾದಕ್ಕೆ ಕವಡೆ ಕಿಮ್ಮತ್ತೂ ಇಲ್ಲ.

ಹಣ ಕೊಡುವಾಗ ಆಗುವ ಎಡವಟ್ಟು ಬೇರೆಯದು. ಪರಿಚಯದ ಏಜೆಂಟನ ಸ್ವಂತ ಯುಪಿಐಗೆ ಹಣ ಹಾಕಿ, ವಾಟ್ಸಾಪಿನಲ್ಲಿ ಬಂದ ಕೈ ಜೋಡಿಸಿದ ಚಿತ್ರವನ್ನೇ ರಸೀದಿ ಅಂದುಕೊಳ್ಳುವವರಿದ್ದಾರೆ. ನಾಳೆ ಕಂಪನಿ ‘ಅವನು ನಮ್ಮವನಲ್ಲ’ ಎನ್ನುತ್ತದೆ, ಅವನು ‘ಹಣ ಕಂಪನಿಗೇ ಹೋಯಿತು’ ಎನ್ನುತ್ತಾನೆ. ಬಿಲ್ಲು ಕೊಡದಿರುವುದೇ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಕಂಪನಿಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲಿಲ್ಲದೆ ಪೂರ್ತಿ ಹಣ ಕೊಡಬೇಡಿ. ಆಗ್ರಾದ ಅಮೃತಶಿಲೆಯ ಅಂಗಡಿ, ಜೈಪುರದ ಹರಳು-ಬಟ್ಟೆಯ ಮಳಿಗೆಗಳಲ್ಲಿ ಗಂಟೆಗಟ್ಟಲೆ ಬಸ್ಸು ನಿಲ್ಲಿಸಿ, ಸ್ಮಾರಕಕ್ಕೆ ಹೊತ್ತಿಲ್ಲ ಎನ್ನುವ ಗೈಡುಗಳು ಕಮಿಷನ್ ಯಾರಿಂದ ಪಡೆಯುತ್ತಾರೆಂದು ವಿವರಿಸಬೇಕಿಲ್ಲ. ಅಂಗಡಿಗೆ ಎಷ್ಟು ಹೊತ್ತು ಹೋಯಿತು, ಕೋಟೆಗೆ ಎಷ್ಟು ಸಿಕ್ಕಿತು ಎಂದು ಅಂದೇ ಗುಂಪಿನ ವಾಟ್ಸಾಪಿನಲ್ಲಿ, ಕಂಪನಿಯವರೂ ನೋಡುವಂತೆ ಬರೆದಿಡಿ.

ಈಗ ಎಲ್ಲಕ್ಕಿಂತ ದುಬಾರಿಯಾದ ತಪ್ಪಿನ ಮಾತು. ಪ್ರವಾಸದ ಕೊನೆಯ ದಿನ, ವಿಮಾನ ನಿಲ್ದಾಣದ ದಾರಿಯಲ್ಲಿ, ಎಲ್ಲರೂ ಸುಸ್ತಾಗಿರುವಾಗ ಟೂರ್ ಮ್ಯಾನೇಜರು ಒಂದು ಹಾಳೆ ಹಂಚುತ್ತಾನೆ. ಮೇಲೆ ‘ನಿಮ್ಮ ಅಭಿಪ್ರಾಯ’ ಎಂದಿರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲ ಸೇವೆಗಳೂ ತೃಪ್ತಿಕರವಾಗಿ ದೊರೆತಿವೆ, ಯಾವ ಬಾಕಿಯೂ ಇಲ್ಲ ಎಂದಿರುತ್ತದೆ. ಗೊಣಗಿದವರಿಗೆ ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಬರುತ್ತದೆ, ಅದನ್ನು ಪಡೆಯಲು ‘ಸಂಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತಿಗೆ ಸಹಿ. ಹುಡುಗ ಒಳ್ಳೆಯವನು, ಅವನ ಕೆಲಸಕ್ಕೆ ಸಂಚಕಾರ ಬರಬಾರದು ಎಂದು ಮೂರು ದಿನ ಜಗಳವಾಡಿದವರೂ ಸಹಿ ಹಾಕುತ್ತಾರೆ. ಗ್ರಾಹಕ ಆಯೋಗದಲ್ಲಿ ಕಂಪನಿಯ ವಕೀಲರು ಮೊದಲು ಹಾಜರುಪಡಿಸುವುದು ಅದೇ ಹಾಳೆಯನ್ನು. ಕಾನೂನು ಇಲ್ಲೂ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಇತ್ಯರ್ಥದ ರಸೀದಿಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಮುಗಿಯದೆಂದು 1999ರಲ್ಲಿ ಸುಪ್ರೀಂ ಕೋರ್ಟ್ ವಿಮಾ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ಸಹಿಯನ್ನು ಮೋಸದಿಂದ, ತಪ್ಪು ಮಾಹಿತಿಯಿಂದ ಅಥವಾ ಒತ್ತಡದಿಂದ ಪಡೆದರೆಂದು ತೋರಿಸುವ ಹೊರೆ ಸಹಿ ಹಾಕಿದವರದೇ. ಬಸ್ಸಿನಲ್ಲಿ ನಗುತ್ತಾ ಗುಂಪಿನ ಫೋಟೋಗೆ ನಿಂತವರಿಗೆ ಒತ್ತಡವನ್ನು ಸಾಬೀತುಪಡಿಸುವುದು ಸುಲಭವಲ್ಲ. ಸಹಿ ಹಾಕಲೇಬೇಕಾಗಿ ಬಂದರೆ ಅದರ ಪಕ್ಕದಲ್ಲೇ, ಕನ್ನಡದಲ್ಲಾದರೂ ಸರಿ, ‘ರಣಥಂಬೋರಿನಲ್ಲಿ ಜಿಪ್ಸಿ ಬದಲು ಕ್ಯಾಂಟರ್, ಆಕ್ಷೇಪವಿದೆ’ ಎಂದು ಬರೆದು ಫೋಟೋ ತೆಗೆದುಕೊಳ್ಳಿ. ಕೂಪನ್ ಎಂಬುದು ಮೂಗಿಗೆ ಸವರುವ ತುಪ್ಪ. ಅದನ್ನು ಬಳಸಲು ಕಾಯುತ್ತ, ಬರುತ್ತದೆಂದ ಹಣಕ್ಕೆ ಮೇಲ್ ಬರೆಯುತ್ತ ಕುಳಿತಾಗ ದೂರಿನ ಕಾಲಮಿತಿ ಕರಗುತ್ತಿರುತ್ತದೆ. ಅನ್ಯಾಯವಾದ ದಿನದಿಂದ ಎರಡು ವರ್ಷ, ಅಷ್ಟೇ. ನಿಮ್ಮ ಪತ್ರಗಳಾಗಲಿ, ಸಹಾಯವಾಣಿಗೆ ಮಾಡಿದ ಕರೆಯಾಗಲಿ ಆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ತಡವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಸಕಾರಣ ಬೇಕು. ಕಂಪನಿ ಕೊಡುತ್ತೇನೆಂದಿತ್ತು ಎಂಬ ನೆಪವನ್ನೇ ನೆಚ್ಚಿಕೊಳ್ಳಬೇಡಿ.

ದೂರು ಕೊಡಲು ಜೈಪುರಕ್ಕೋ ದೆಹಲಿಗೋ ಹೋಗಬೇಕೆಂಬ ಭಯವೇ ಅರ್ಧ ಜನರನ್ನು ಮನೆಯಲ್ಲಿ ಕೂರಿಸುತ್ತದೆ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ‘ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂಬ ಷರತ್ತಿಗೆ ಹೆದರಬೇಡಿ. ಪಂಚಾಯ್ತಿದಾರರ ಮುಂದೆಯೇ ಹೋಗಬೇಕೆಂಬ ಆರ್ಬಿಟ್ರೇಷನ್ ಷರತ್ತೂ ಗ್ರಾಹಕ ಆಯೋಗವನ್ನು ತಡೆಯುವುದಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಲೆಕ್ಕಕ್ಕೆ ಬರುವುದು ಪ್ಯಾಕೇಜಿಗೆ ಕೊಟ್ಟ ಮೊತ್ತ, ಕೇಳುವ ಪರಿಹಾರವಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೂ ಕೋರಬಹುದು. ವಕೀಲರು ಕಡ್ಡಾಯವಲ್ಲ, ‘ವಕೀಲರನ್ನು ಇಟ್ಟುಕೊಂಡು ಬನ್ನಿ’ ಎಂದು ಗದರುವ ಗುಮಾಸ್ತರಿಗೆ ಆ ಅಧಿಕಾರವನ್ನು ಯಾರೂ ಕೊಟ್ಟಿಲ್ಲ. ಊರಿನ ಏಜೆಂಟ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಇಲ್ಲದವರ ಕಡೆಗೆ ಬೆರಳು ತೋರುತ್ತಾರೆ. ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಡಿ, ಮೂಲ ಸಂದೇಶ ಅಳಿಸಬೇಡಿ. ಇನ್ನೊಂದು ಸೂಕ್ಷ್ಮ: ಒಪ್ಪಂದದ ಷರತ್ತನ್ನೇ ಅನ್ಯಾಯದ್ದೆಂದು ರದ್ದುಪಡಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟಿದೆ. ಜಿಲ್ಲೆಯಲ್ಲಿ ‘ಷರತ್ತು ರದ್ದು ಮಾಡಿ’ ಎಂದು ಕೇಳಿ ತಾಂತ್ರಿಕ ಕಾರಣಕ್ಕೆ ಸಿಕ್ಕಿಬೀಳುವ ಬದಲು, ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದೇ ದೂರನ್ನು ಬರೆಯಿರಿ.

ಐದಾರು ಸಾವಿರಕ್ಕೆ ಇಷ್ಟೆಲ್ಲ ಯಾಕೆ, ವರ್ಷಗಟ್ಟಲೆ ಅಲೆಯಬೇಕಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಯಿದೆಯ ಮೇಲೆ ವಾಯಿದೆ ಕೊಡುವ ಪದ್ಧತಿ ಆ ಮಾತನ್ನು ಗೇಲಿ ಮಾಡುತ್ತಿದೆ. ಆದರೂ ಎದುರುದಾರರು ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ, ಅದಕ್ಕಿಂತ ಒಂದು ದಿನವೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಟ್ಟುನಿಟ್ಟಾಗಿ ಹೇಳಿದೆ. ದೂರಿನ ನೋಟಿಸು ತಲುಪಿದ ಮೇಲೆ ರಾಜಿಗೆ ಬರುವ ಕಂಪನಿಗಳು ಇದ್ದೇ ಇವೆ. ಸಣ್ಣ ಟೂರ್ ನಡೆಸುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಇನ್ನೊಂದು ಮಾತು ನನಗೆ ಒಪ್ಪಿಗೆಯಾಗದು. ಜಿಪ್ಸಿಗೆ ಹಣ ಪಡೆದು ಜಿಪ್ಸಿಯಲ್ಲೇ ಕೂರಿಸುವ ಪ್ರಾಮಾಣಿಕನ ದರ, ಕ್ಯಾಂಟರಿಗೆ ತುಂಬುವವನ ದರದ ಮುಂದೆ ದುಬಾರಿಯಾಗಿ ಕಾಣುತ್ತದೆ. ಹೊಡೆತ ಬೀಳುತ್ತಿರುವುದು ಅವನಿಗೇ.

ಪ್ರವಾಸಿಗನೇ ಹಿಂಜರಿದಾಗ ನ್ಯಾಯ ಬೇರೆ. ಹೊರಡುವ ಹಿಂದಿನ ದಿನ ರದ್ದು ಮಾಡಿದರೆ ಪೂರ್ತಿ ಹಣ ಕೇಳುವಂತಿಲ್ಲ. ಆದರೆ ಇಡೀ ಮೊತ್ತವನ್ನು ನುಂಗುವ ಹಕ್ಕು ಕಂಪನಿಗೂ ಇಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು ಅನುಮತಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ. ವಿಮಾನದ ಟಿಕೆಟ್ ‘ಮರುಪಾವತಿ ಇಲ್ಲ’ ಎಂಬ ದರ್ಜೆಯದಾದರೂ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳು ವಾಪಸ್ ಬರಬೇಕು. ಬಂದದ್ದನ್ನು ಗ್ರಾಹಕನಿಗೆ ಹೇಳದೆ ಜೇಬಿಗಿಳಿಸುವ ಏಜೆಂಟರಿದ್ದಾರೆ, ಲೆಕ್ಕ ಕೇಳಿ.

ದಾರಿಯಲ್ಲಿ ತೊಂದರೆಯಾದರೆ ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿ ಇದೆ. ಹಿಂದಿ, ಇಂಗ್ಲಿಷ್ ಜೊತೆಗೆ ಹತ್ತು ವಿದೇಶಿ ಭಾಷೆಗಳಲ್ಲಿ ಉತ್ತರಿಸುತ್ತದೆ, ಕನ್ನಡದಲ್ಲಿ ಅಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (1915) ಕನ್ನಡವಿದೆ. ಊರಿಗೆ ಮರಳಿದ ಮೇಲೆ, ಕೈಗಿಟ್ಟ ಕೂಪನ್ನನ್ನು ಪತ್ರದ ಸಮೇತ ಹಿಂದಿರುಗಿಸಿ, ಹಣವೇ ಬೇಕೆಂದು ಬರೆಯಿರಿ, ಆ ಪತ್ರದ ಪ್ರತಿ ಇಟ್ಟುಕೊಳ್ಳಿ.