ಹಿಂಡಿಯ ಜೊತೆಗೆ ಜೋಳವೂ ಏಕೆ ಬೇಕು? ರಾಸುಗಳ ದೇಹದಲ್ಲಿ ಅಮೈನೋ ಆಮ್ಲ ಮತ್ತು ಇನ್ಸುಲಿನ್

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ ಹಾಗೂ ಹಿಂಗಾರಿ ಜೋಳದ ಸೀಮೆ. ಜೋಳದ ಕಣಿಕೆ ಮತ್ತು ತೊಗರಿ ಹೊಟ್ಟು ಇಲ್ಲಿನ ರಾಸುಗಳ ಮುಖ್ಯ ಒಣ ಮೇವು. ಬೇಳೆ ಗಿರಣಿಗಳಿಂದ ತೊಗರಿ ಚುನ್ನಿಯೂ ಗಾಣಗಳಿಂದ ಹಿಂಡಿಯೂ ದೊರೆಯುತ್ತವೆ. ಬೇಸಿಗೆಯಲ್ಲಿ ಹಾಲು ಇಳಿದಾಗ ಕೆಲವು ರೈತರು ಹಿಂಡಿಯನ್ನಷ್ಟೇ ಹೆಚ್ಚಿಸುತ್ತಾರೆ. ಆದರೆ ಹಿಂಡಿಗೆ ಹಾಕಿದ ಹಣವೆಲ್ಲ ಹಾಲಾಗಿ ಹಿಂತಿರುಗುವುದಿಲ್ಲ. ಇದರ ಕಾರಣ ತಿಳಿಯಬೇಕಾದರೆ ಮೇವಿನ ಸಸಾರಜನಕವು ದೇಹದಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ನೋಡಬೇಕು.

ಇನ್ಸುಲಿನ್ನಿನ ಕೆಲಸ

ಸಸಾರಜನಕವು ಜೀರ್ಣವಾದಾಗ ಅಮೈನೋ ಆಮ್ಲಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ಈ ಆಮ್ಲಗಳು ಮನೆ ಕಟ್ಟುವ ಇಟ್ಟಿಗೆಗಳಿದ್ದಂತೆ. ಅಂಗಳದಲ್ಲಿ ಇಟ್ಟಿಗೆ ರಾಶಿ ಬಿದ್ದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಅವು ಮಾಂಸಖಂಡದ ಜೀವಕೋಶಗಳ ಒಳಗೆ ಹೋಗಿ ಜೋಡಣೆಯಾಗಬೇಕು. ಈ ಕೆಲಸಕ್ಕೆ ಅಪ್ಪಣೆ ಕೊಡುವ ರಸಗಳಲ್ಲಿ ಮುಖ್ಯವಾದದ್ದು ಮೇದೋಜೀರಕಾಂಗದಿಂದ ಸ್ರವಿಸುವ ಇನ್ಸುಲಿನ್. ಅದು ಅಮೈನೋ ಆಮ್ಲಗಳನ್ನು ಜೀವಕೋಶದೊಳಕ್ಕೆ ಸೇರಿಸಲು ನೆರವಾಗುತ್ತದೆ, ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತದೆ, ಕಟ್ಟಿದ್ದು ಕರಗದಂತೆ ತಡೆಯುತ್ತದೆ.

ಕೆನಡಾ ದೇಶದ ಟೊರಾಂಟೋ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. ಇನ್ಸುಲಿನ್ ಸ್ವತಃ 51 ಅಮೈನೋ ಆಮ್ಲಗಳಿಂದಾದದ್ದು. ಇವುಗಳ ಪೂರ್ಣ ಜೋಡಣೆಯನ್ನು ದನದ ಇನ್ಸುಲಿನ್ನಿನಲ್ಲಿಯೇ ಮೊದಲು ಗುರುತಿಸಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. 1955ರಲ್ಲಿ ಮುಗಿದ ಈ ಕೆಲಸಕ್ಕೆ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇನ್ಸುಲಿನ್ ಸಕ್ಕರೆಗೆ ಮಾತ್ರ ಸಂಬಂಧಿಸಿದ್ದೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅರ್ಜಿನಿನ್, ಲ್ಯೂಸಿನ್ ಮೊದಲಾದ ಅಮೈನೋ ಆಮ್ಲಗಳು ರಕ್ತದಲ್ಲಿ ಹೆಚ್ಚಿದಾಗಲೂ ಇನ್ಸುಲಿನ್ ಸ್ರವಿಸುತ್ತದೆ. ಜೊತೆಗೆ ಗ್ಲುಕಗಾನ್ ಎಂಬ ಇನ್ನೊಂದು ರಸವೂ ಹೊರಬರುತ್ತದೆ. ರಕ್ತದ ಸಕ್ಕರೆ ಕುಸಿಯದಂತೆ ಅದು ಪಿತ್ತಜನಕಾಂಗದಲ್ಲಿ ಅಮೈನೋ ಆಮ್ಲಗಳಿಂದಲೇ ಸಕ್ಕರೆ ಮಾಡಿಸುತ್ತದೆ. ಪಿಷ್ಟವಿಲ್ಲದೆ ಸಸಾರಜನಕವನ್ನು ಮಾತ್ರ ಕೊಟ್ಟರೆ ಗ್ಲುಕಗಾನ್ ಕೈ ಮೇಲಾಗುತ್ತದೆ. ಪಿಷ್ಟವೂ ಸೇರಿದ್ದರೆ ಇನ್ಸುಲಿನ್ ಕೈ ಮೇಲಾಗುತ್ತದೆ.

ಮೆಲುಕು ಹಾಕುವ ಪ್ರಾಣಿಗಳ ವಿಶೇಷ

ಮನುಷ್ಯ, ಹಂದಿ, ಕೋಳಿಗಳಲ್ಲಿ ಕಾಳಿನ ಪಿಷ್ಟವು ಸಕ್ಕರೆಯಾಗಿ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಆಕಳು, ಎಮ್ಮೆ, ಕುರಿ, ಆಡುಗಳಲ್ಲಿ ಹಾಗಲ್ಲ. ರುಮೆನ್ ಎಂಬ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಪಿಷ್ಟವನ್ನೂ ನಾರನ್ನೂ ಹುದುಗಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಇವುಗಳಲ್ಲಿ ಪ್ರೊಪಿಯಾನಿಕ್ ಆಮ್ಲದಿಂದ ಪಿತ್ತಜನಕಾಂಗವು ಸಕ್ಕರೆ ತಯಾರಿಸುತ್ತದೆ. ಇದೇ ಆಮ್ಲವು ಇನ್ಸುಲಿನ್ ಸ್ರವಿಸುವಂತೆಯೂ ಪ್ರಚೋದಿಸುತ್ತದೆ. ಕಾಳು ತಿಂದಾಗ ಪ್ರೊಪಿಯಾನಿಕ್ ಆಮ್ಲದ ಪಾಲು ಹೆಚ್ಚು. ಒಣ ಕಣಿಕೆ ಮಾತ್ರ ತಿಂದಾಗ ಕಡಿಮೆ.

ನಷ್ಟವಾಗುವ ಎರಡು ಜಾಗ

ಮೊದಲನೆಯದು ರುಮೆನ್. ಹಿಂಡಿಯ ಸಸಾರಜನಕದ ಬಹುಭಾಗ ಅಲ್ಲಿ ಅಮೋನಿಯಾ ಆಗುತ್ತದೆ. ಸೂಕ್ಷ್ಮಜೀವಿಗಳು ಅದರಿಂದ ತಮ್ಮ ದೇಹ ಕಟ್ಟಿಕೊಳ್ಳುತ್ತವೆ. ಮುಂದೆ ಆ ಜೀವಿಗಳೇ ಜೀರ್ಣವಾಗಿ ರಾಸಿಗೆ ಒಳ್ಳೆಯ ಅಮೈನೋ ಆಮ್ಲ ಒದಗಿಸುತ್ತವೆ. ಆದರೆ ಈ ಕೆಲಸಕ್ಕೆ ಅವುಗಳಿಗೆ ಶಕ್ತಿ ಬೇಕು. ಶಕ್ತಿ ಸಾಲದಿದ್ದರೆ ಉಳಿದ ಅಮೋನಿಯಾ ಯೂರಿಯಾ ಆಗಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ.

ಎರಡನೆಯದು ಪಿತ್ತಜನಕಾಂಗ. ಸಕ್ಕರೆಯ ಕೊರತೆಯಿದ್ದಾಗ ಅಮೈನೋ ಆಮ್ಲಗಳು ಅಲ್ಲಿ ಸಕ್ಕರೆಯಾಗಿ ಮಾರ್ಪಡುತ್ತವೆ. ಅವುಗಳ ಸಾರಜನಕ ಮತ್ತೆ ಯೂರಿಯಾ ಆಗುತ್ತದೆ. ಅಂದರೆ ದುಬಾರಿ ಹಿಂಡಿಯು ಉರುವಲಾಗಿ ಸುಡುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಕರೆಯುವ ಆಕಳುಗಳಿಗೆ ಇನ್ಸುಲಿನ್ ಕೊಟ್ಟು, ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಂಡು ಪ್ರಯೋಗ ನಡೆಸಲಾಯಿತು. ಹಾಲಿನ ಸಸಾರಜನಕ ಹೆಚ್ಚಿತು. ಅದರೊಡನೆ ನಾಲ್ಕನೆಯ ಹೊಟ್ಟೆಗೆ ಹಾಲಿನ ಸಸಾರಜನಕವಾದ ಕೇಸಿನ್ನನ್ನೂ ಒದಗಿಸಿದಾಗ ಇನ್ನೂ ಹೆಚ್ಚಿತು. ಅಪ್ಪಣೆ, ಶಕ್ತಿ, ಇಟ್ಟಿಗೆ ಮೂರೂ ಕೂಡಿದಾಗ ಕೆಲಸ ಚೆನ್ನಾಗಿ ಸಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಇದು ಸಂಶೋಧನೆಯ ವಿಧಾನ. ರೈತರು ರಾಸಿಗೆ ಇನ್ಸುಲಿನ್ ಚುಚ್ಚಬೇಕಾಗಿಲ್ಲ. ಸಮತೋಲ ದಾಣಿಯಿಂದಲೇ ಈ ಮೂರನ್ನೂ ಒದಗಿಸಬಹುದು.

ಕರು ಹಾಕಿದ ಹೊಸತರಲ್ಲಿ

ಈಗ ಇನ್ಸುಲಿನ್ ಪ್ರಮಾಣ ಸಹಜವಾಗಿಯೇ ಇಳಿದಿರುತ್ತದೆ. ಕೆಚ್ಚಲು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಾಂಸಖಂಡ ಮತ್ತು ಕೊಬ್ಬು ಕರಗಿ ಹಾಲಿಗೆ ಹೋಗುತ್ತವೆ. ಈ ಕಾಲದಲ್ಲಿ ಕಾಳು ಕಡಿಮೆಯಾದರೆ ಹೆಚ್ಚು ಹಾಲು ಕೊಡುವ ಮಿಶ್ರತಳಿ ಆಕಳು ಬೇಗ ಸೊರಗುತ್ತದೆ. ದಾಣಿ ಬಿಡುವುದು, ಹಾಲು ತಟ್ಟನೆ ಇಳಿಯುವುದು, ಉಸಿರಿನಲ್ಲಿ ಸಿಹಿ ವಾಸನೆ ಬರುವುದು ಕಂಡರೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ರೈತರು ಅನುಸರಿಸಬೇಕಾದ ಕ್ರಮ

ಕಣಿಕೆಯಲ್ಲಿ ಸಸಾರಜನಕ ಶೇಕಡಾ 3ರಿಂದ 4ರಷ್ಟು ಮಾತ್ರ. ಆದ್ದರಿಂದ ಹಿಂಡಿ ಬೇಕೇ ಬೇಕು. ಆದರೆ ಒಂದೇ ಸಾಲದು. 100 ಕಿಲೋ ದಾಣಿ ಮಿಶ್ರಣಕ್ಕೆ:

ಜೋಳದ ನುಚ್ಚು: 35 ಕಿಲೋ
ಶೇಂಗಾ ಹಿಂಡಿ: 27 ಕಿಲೋ
ತೊಗರಿ ಚುನ್ನಿ: 20 ಕಿಲೋ
ಗೋಧಿ ಬೂಸಾ: 15 ಕಿಲೋ
ಖನಿಜ ಮಿಶ್ರಣ: 2 ಕಿಲೋ
ಉಪ್ಪು: 1 ಕಿಲೋ

ದೇಹಪೋಷಣೆಗೆ ಮೇವಿನ ಜೊತೆ 1ರಿಂದ 1.5 ಕಿಲೋ ಮಿಶ್ರಣ ಕೊಡಬೇಕು. ಅದರ ಮೇಲೆ ಆಕಳಿಗೆ ಪ್ರತಿ 2.5 ಲೀಟರ್ ಹಾಲಿಗೆ, ಎಮ್ಮೆಗೆ ಪ್ರತಿ 2 ಲೀಟರ್ ಹಾಲಿಗೆ 1 ಕಿಲೋದಂತೆ ಕೊಡಬೇಕು. ದಿನದ ದಾಣಿಯನ್ನು ಎರಡು ಹೊತ್ತಿಗೆ ಹಂಚಬೇಕು. ಹೊಸ ಮಿಶ್ರಣಕ್ಕೆ 10ರಿಂದ 15 ದಿನಗಳಲ್ಲಿ ನಿಧಾನವಾಗಿ ರೂಢಿ ಮಾಡಿಸಬೇಕು. ಕಾಳನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಳಿ ಏರಿ ರಾಸು ಸಾಯಲೂಬಹುದು. ಬೂಸ್ಟು ಹಿಡಿದ ಹಿಂಡಿಯನ್ನು ಹಾಕಲೇಬಾರದು.

ಸುಗ್ಗಿಯಲ್ಲಿ ಮಾರಾಟಕ್ಕೆ ಯೋಗ್ಯವಲ್ಲದ ಸಣ್ಣ ಕಾಳಿನ ಜೋಳವನ್ನು ಒಣಗಿಸಿ ರಾಸುಗಳಿಗೆಂದು ತೆಗೆದಿರಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಹಿಂಡಿಗೆ ಕೊಟ್ಟ ಹಣ ಮೂತ್ರದಲ್ಲಿ ಹರಿದು ಹೋಗದಂತೆ ಆ ಜೋಳವೇ ಕಾಯುತ್ತದೆ.