ಹೆಬ್ರಿಯಿಂದ ತೋನ್ಸೆಪಾರಿಗೆ: ಲಾವಾ ಕಂಬಗಳನ್ನು ನೋಡಲು ಒಂದು ದಿನ

ಹೆಬ್ರಿಗೆ ಬಂದವರು ಕೂಡ್ಲು ತೀರ್ಥ, ಆಗುಂಬೆ ನೋಡಿಕೊಂಡು ಊರಿಗೆ ಮರಳುವುದೇ ಹೆಚ್ಚು. ಇನ್ನೊಂದು ದಿನ ಕೈಯಲ್ಲಿದ್ದರೆ ಕಡಲಿನ ಕಡೆಗೆ ಇಳಿಯಿರಿ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ, ಅಂದರೆ ತೋನ್ಸೆಪಾರಿನಲ್ಲಿ, ಹಳೆಯ ಲಾವಾ ಆರಿ ಕಂಬಗಳಾಗಿ ನಿಂತಿದೆ.

ಪೆರ್ಡೂರು, ಹಿರಿಯಡ್ಕ, ಮಣಿಪಾಲದ ಮೇಲಿಂದ ಉಡುಪಿಗೆ ಬಸ್ಸಿದೆ. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಮಲ್ಪೆ, ಆಮೇಲೆ ದೋಣಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ರಾತ್ರಿ ತಂಗಲು ಬಿಡುವುದಿಲ್ಲವಾದ್ದರಿಂದ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಮೊದಲೇ ಕೇಳಿಟ್ಟುಕೊಳ್ಳಿ. ಕುಡಿಯುವ ನೀರು, ಟೋಪಿ, ಜಾರದ ಚಪ್ಪಲಿ ಬೇಕೇ ಬೇಕು. ಪಾಚಿ ಕಟ್ಟಿದ ಕಲ್ಲು ಅಪಾಯಕಾರಿ.

ದ್ವೀಪಕ್ಕೆ ಇಳಿದವರಲ್ಲಿ ಹೆಚ್ಚಿನವರು ಚಿಪ್ಪಿನ ದಂಡೆಯಲ್ಲೇ ಉಳಿದುಬಿಡುತ್ತಾರೆ. ನೀವು ಕಂಬಗಳ ಹತ್ತಿರ ಹೋಗಿ, ಮುಖಗಳನ್ನು ಎಣಿಸಿ. ಐದು, ಆರು, ಏಳು ಸಿಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುತ್ತಾ ಕುಗ್ಗಿದಾಗ, ನೀರಿಳಿದ ಗದ್ದೆಯ ಕೆಸರು ಬಿರಿಯುವಂತೆ ಮೇಲ್ಮೈ ಬಿರಿಯಿತು. ಬಿರುಕುಗಳು ನೇರ ಒಳಕ್ಕೆ ಇಳಿದು ಕಲ್ಲನ್ನು ಕಂಬಕಂಬವಾಗಿ ಸೀಳಿದವು.

ಲಾವಾ ಅಂದಮೇಲೆ ಗುಹೆ ಎಲ್ಲಿ ಎಂದು ಮಕ್ಕಳು ಕೇಳಿಯಾರು. ತೆಳುವಾದ ಲಾವಾ ಹರಿಯುವಾಗ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನದು ಹರಿದು ಹೋದರೆ ಗುಹೆ ಉಳಿಯುತ್ತದೆ. ಜಪಾನಿನ ಫ್ಯೂಜಿ ಪರ್ವತದ ಬುಡದಲ್ಲಿ 864ರ ಸ್ಫೋಟದ ಲಾವಾದಲ್ಲಿ ಉಂಟಾದ ನರುಸಾವಾ ಗುಹೆಯಲ್ಲಿ ಬೇಸಿಗೆಯಲ್ಲೂ ಮಂಜುಗಡ್ಡೆ ಇರುತ್ತದೆ. ಚಳಿಗಾಲದ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು, ಮೇಲೇಳಲಾರದೆ ಅಲ್ಲೇ ನಿಲ್ಲುವುದು ಇದಕ್ಕೆ ಕಾರಣ. ತೋನ್ಸೆಪಾರಿನದು ಸಿಲಿಕಾ ಹೆಚ್ಚಿರುವ, ಅಂಟಂಟಾದ ಲಾವಾ. ಹಾಗೆ ಸಲೀಸಾಗಿ ಹರಿದು ಬರಿದಾಗುವ ಗುಣ ಅದಕ್ಕಿಲ್ಲ. ಹಾಗಾಗಿ ಇಲ್ಲಿ ಗುಹೆಯಿಲ್ಲ, ಕಂಬಗಳಿವೆ. ನನ್ನ ಮಟ್ಟಿಗೆ ಕರಾವಳಿಯಲ್ಲಿ ಭೂಮಿಯ ಚರಿತ್ರೆಯನ್ನು ಮಕ್ಕಳಿಗೆ ಕೈಮುಟ್ಟಿ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ದಯವಿಟ್ಟು ಕಂಬಗಳ ಮೇಲೆ ಹೆಸರು ಕೆತ್ತಬೇಡಿ, ಕಲ್ಲಿನ ಚೂರು ಒಯ್ಯಬೇಡಿ, ತಂದ ಪ್ಲಾಸ್ಟಿಕ್ಕನ್ನು ಮಲ್ಪೆಗೆ ವಾಪಸು ತನ್ನಿ.