ಫಿಲ್ಮಿನ ಸುರುಳಿ ಮತ್ತು ಕ್ಷ-ಕಿರಣ

ಆಳಂದ ತಾಲ್ಲೂಕಿನ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಮುಂದೆ ಭೀಮೆಯು ಜೇವರ್ಗಿ ಸೀಮೆಯತ್ತ ಸಾಗುತ್ತಾಳೆ. 2020ರ ಅಕ್ಟೋಬರಿನಲ್ಲಿ ಈ ನದಿಯು ಉಕ್ಕಿ ಹರಿದು ದಡದ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿತು. ಅಂತಹ ಪ್ರವಾಹದ ದೃಶ್ಯವನ್ನು ಯಾರಾದರೂ ಫಿಲ್ಮಿನ ಮೇಲೆ ಸೆರೆಹಿಡಿದಿದ್ದರೆ, ಆ ಸುರುಳಿ ಕೆಟ್ಟ ಬಳಿಕ ಅದನ್ನು ಮತ್ತೆ ತೆಗೆಯಲು ಸಾಧ್ಯವೇ? ಇಳಿದ ನೀರು ಚಿತ್ರಕ್ಕಾಗಿ ಮರಳಿ ಏರುವುದಿಲ್ಲ.

ಕಲಬುರಗಿಯ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಅಲ್ಲಿಂದಾಗಲಿ, ಹೈದರಾಬಾದು ಅಥವಾ ಬೆಂಗಳೂರಿನಿಂದಾಗಲಿ ವಿಮಾನವನ್ನೇರುವವನ ಚೀಲವು ಮೊದಲು ಕ್ಷ-ಕಿರಣ ಯಂತ್ರದೊಳಗೆ ಹಾದುಹೋಗಬೇಕು. ಬಟ್ಟೆಬರೆಗೆ ಇದರಿಂದ ಯಾವ ಬಾಧೆಯೂ ಇಲ್ಲ. ಫಿಲ್ಮಿನ ಪಾಡು ಬೇರೆ.

ಫಿಲ್ಮಿನ ಮೇಲೆ ಜೆಲಟಿನ್ ಎಂಬ ಅಂಟು ವಸ್ತುವಿನಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು ಹರಡಿರುತ್ತವೆ. ಬೆಳಕು ತಾಗಿದ ಹರಳುಗಳಲ್ಲಿ ಕಣ್ಣಿಗೆ ಕಾಣದ ಗುರುತೊಂದು ಉಳಿಯುತ್ತದೆ. ರಾಸಾಯನಿಕ ದ್ರಾವಣದಲ್ಲಿ ತೊಳೆದಾಗ ಆ ಹರಳುಗಳು ಕಪ್ಪು ಬೆಳ್ಳಿಯಾಗಿ ಚಿತ್ರವು ಮೂಡುತ್ತದೆ. ಆದರೆ ಈ ಹರಳುಗಳಿಗೆ ಬೆಳಕು ಯಾವುದು, ಕ್ಷ-ಕಿರಣ ಯಾವುದು ಎಂಬ ವಿವೇಚನೆಯಿಲ್ಲ. ಬೆಳಕನ್ನು ತಡೆಯುವ ಡಬ್ಬಿಯು ಕ್ಷ-ಕಿರಣವನ್ನು ತಡೆಯಲಾರದು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ತನ್ನ ಪತ್ನಿಯ ಕೈಮೂಳೆಗಳ ಚಿತ್ರವನ್ನು ಪಡೆದದ್ದು ಇದೇ ಗುಣದಿಂದ. ಮೂಳೆ ಮುರಿದವನಿಗೆ ವರವಾದ ಗುಣವು ಛಾಯಾಗ್ರಾಹಕನಿಗೆ ಇಲ್ಲಿ ವಿಘ್ನವಾಗುತ್ತದೆ. ಚಿತ್ರದ ಮೇಲೆ ಮಂಜು ಕವಿದಂತಾಗಿ ಕಪ್ಪು ಬಿಳುಪುಗಳ ಅಂತರ ಕುಗ್ಗುತ್ತದೆ. ಕೆಲವೊಮ್ಮೆ ಅಲೆಯಂತಹ ಪಟ್ಟೆಗಳೂ ಕಾಣುತ್ತವೆ.

ಕೈಚೀಲವನ್ನು ಪರೀಕ್ಷಿಸುವ ಸಾಮಾನ್ಯ ಯಂತ್ರದ ಕಿರಣವು ಮೃದುವಾದುದು. 100 ಅಥವಾ 400 ವೇಗದ ಫಿಲ್ಮು ಒಂದೆರಡು ಬಾರಿ ಅದನ್ನು ತಾಳಿಕೊಳ್ಳಬಲ್ಲದು. 800 ಮತ್ತು ಅದಕ್ಕೆ ಮೇಲ್ಪಟ್ಟ ವೇಗದ ಫಿಲ್ಮು ಹೆಚ್ಚು ಸೂಕ್ಷ್ಮ. ಪ್ರತಿ ಪರೀಕ್ಷೆಯ ಪ್ರಭಾವವೂ ಹಿಂದಿನದಕ್ಕೆ ಕೂಡಿಕೊಳ್ಳುವುದರಿಂದ ಮೂರು ನಾಲ್ಕು ನಿಲ್ದಾಣಗಳನ್ನು ದಾಟುವವನು ಇನ್ನಷ್ಟು ಎಚ್ಚರ ವಹಿಸಬೇಕು. ವಿಮಾನದ ಒಡಲಿಗೆ ಸೇರುವ ಪೆಟ್ಟಿಗೆಗಳ ಯಂತ್ರವು ಬಹಳ ಪ್ರಬಲ. ತೊಳೆಯದ ಫಿಲ್ಮನ್ನು ಅದರಲ್ಲಿ ಎಂದಿಗೂ ಇಡಬಾರದು. ಈಚೆಗೆ ಕೆಲವು ದೊಡ್ಡ ನಿಲ್ದಾಣಗಳಲ್ಲಿ ಕೈಚೀಲಕ್ಕೂ ಸಿ.ಟಿ. ಯಂತ್ರಗಳು ಬಂದಿವೆ. ಅವು ಚೀಲವನ್ನು ಹಲವು ಕೋನಗಳಿಂದ ನೋಡುವುದರಿಂದ ಒಂದೇ ಬಾರಿಗೆ ಫಿಲ್ಮು ಕೆಡಬಹುದು.

ಸೀಸದ ಚೀಲವನ್ನು ನಂಬುವವರುಂಟು. ಆದರೆ ಪರದೆಯ ಮೇಲೆ ಕಪ್ಪು ಗಡ್ಡೆಯಂತೆ ಕಾಣುವ ವಸ್ತುವನ್ನು ಕಂಡ ಸಿಬ್ಬಂದಿಯು ಸುಮ್ಮನಿರುವರೇ? ಚೀಲವನ್ನು ತೆರೆಸುತ್ತಾರೆ, ಇಲ್ಲವೇ ಮತ್ತೊಮ್ಮೆ ಯಂತ್ರಕ್ಕೆ ಕಳುಹಿಸುತ್ತಾರೆ. ಅದಕ್ಕಿಂತ ಸುರುಳಿಗಳನ್ನು ಪಾರದರ್ಶಕ ಚೀಲದಲ್ಲಿ ಬೇರೆಯಾಗಿರಿಸಿ, ಕೈಯಿಂದ ಪರೀಕ್ಷಿಸುವಂತೆ ವಿನಯದಿಂದ ಕೋರುವುದು ಲೇಸು. ಒಪ್ಪುವುದು ಬಿಡುವುದು ಅವರ ವಿವೇಚನೆಗೆ ಸೇರಿದ್ದು; ಆದ್ದರಿಂದ ಸಮಯಕ್ಕೆ ಮೊದಲೇ ನಿಲ್ದಾಣವನ್ನು ತಲುಪಬೇಕು. ಸಾಧ್ಯವಿದ್ದರೆ ಹೊರಡುವ ಮುನ್ನವೇ ಫಿಲ್ಮನ್ನು ತೊಳೆಸಿಬಿಡಬಹುದು. ತೊಳೆದ ಫಿಲ್ಮಿಗೂ ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡಿಗೂ ಈ ಕಿರಣದ ಭಯವಿಲ್ಲ.

ಕ್ಯಾಮೆರಾದೊಳಗೆ ಅರ್ಧ ಮುಗಿದ ಸುರುಳಿಯಿರುವುದನ್ನು ಅನೇಕರು ಮರೆಯುತ್ತಾರೆ. ಪರೀಕ್ಷೆಗೆಂದು ಅದರ ಬೆನ್ನನ್ನು ತೆರೆದರೆ ಕ್ಷ-ಕಿರಣದ ಅಗತ್ಯವೇ ಇಲ್ಲ, ಹಗಲಿನ ಬೆಳಕೇ ಚಿತ್ರಗಳನ್ನು ಅಳಿಸಿಹಾಕುತ್ತದೆ. ಆದಕಾರಣ ಮನೆಯಲ್ಲಿಯೇ ಸುರುಳಿಯನ್ನು ಹಿಂದಕ್ಕೆ ಸುತ್ತಿ ಹೊರತೆಗೆದು, ಉಳಿದವುಗಳೊಡನೆ ಇರಿಸಿಕೊಳ್ಳಬೇಕು.